ಬಾಲ ಯಾರ ಬಾಯಿಯ ಕಡೆಗೆ

ಮತ್ತೆ ಎಸಳು, ಎಲ್ಲಿಂದ ಬರುತ್ತವೋ ಇವರಿಗೆ ಇಷ್ಟೊಂದು ಎಸಳು, ಇಬ್ಬರೂ ನಿಂತಿರುವುದು ಸೈಕಲ್ ರಿಪೇರಿ ಅಂಗಡಿಯ ಹಿಂದೆ, ಸುತ್ತ ಟೈರು ಟ್ಯೂಬು ಗ್ರೀಸು ಬಿಟ್ಟರೆ ಒಂದು ಹುಲ್ಲುಕಡ್ಡಿಯೂ ಇಲ್ಲ, ಉದ್ದನೆಯವಳು ಗಿಡ್ಡಿಯ ಕೈ ಹಿಡಿದಳೋ ಇಲ್ಲವೋ ಗುಲಾಬಿ ಎಸಳು ಸುರಿಯತೊಡಗಿತು, ಆಮೇಲೆ ಗುಡಿಸುವವರು ಯಾರು ಅಂತ ಒಬ್ಬ ಚಿತ್ರಕಾರನೂ ಯೋಚಿಸುವುದಿಲ್ಲ — ಇರಲಿ, ನನ್ನ ಕೆಲಸ ಗುಡಿಸುವುದಲ್ಲ, ಮಾತು ತುಂಬುವುದು, ಪರಭಾಷೆಯ ಚಿತ್ರಕಥೆಗಳ ಅಕ್ಷರ ಒರೆಸಿ ಆ ಬಿಳಿ ಗುಳ್ಳೆಯೊಳಗೆ ನಮ್ಮ ಅಕ್ಷರ ಕೂರಿಸುವುದು, ಅವರ ಗುಳ್ಳೆಗಳೆಲ್ಲ ಕಿರಿದಾಗಿ ಉದ್ದಕ್ಕೆ ನಿಂತಿರುತ್ತವೆ, ಅಲ್ಲಿ ಅಕ್ಷರ ಮೇಲಿಂದ ಕೆಳಕ್ಕೆ ಇಳಿಯುತ್ತದಂತೆ, ನಮ್ಮದೋ ಅಡ್ಡಡ್ಡ ಹರಡಿ ಕೂರುವ ಸಂಸಾರ, ಒತ್ತಕ್ಷರಗಳು ಕಾಲು ಇಳಿಬಿಟ್ಟು ಕೆಳಗಿನ ಸಾಲಿನವರ ತಲೆ ತುಳಿಯುತ್ತವೆ, ಪ್ರೀತಿಸುತ್ತೇನೆ ಅಂತ ಒಂದೇ ಒಂದು ಪದ ಕೂರಿಸಬೇಕಾದರೂ ಗುಳ್ಳೆ ಹಿಗ್ಗಿಸಬೇಕು, ಹಿಗ್ಗಿಸಿದರೆ ಅದರ ಬಾಲ ಹೊಸದಾಗಿ ಬರೆದು ಮಾತಾಡುವವರ ಬಾಯಿಯ ಕಡೆಗೆ ತಿರುಗಿಸಬೇಕು, ಅಷ್ಟಕ್ಕೂ ಯಾರಾದರೂ ಮನೆಯಲ್ಲಿ ಪ್ರೀತಿಸುತ್ತೇನೆ ಅನ್ನುತ್ತಾರಾ, ನಾನಂತೂ ಕೇಳಿಲ್ಲ, ಊಟ ಆಯ್ತಾ ಅನ್ನುತ್ತಾರೆ, ಹೆಲ್ಮೆಟ್ ಹಾಕ್ಕೋ ಅನ್ನುತ್ತಾರೆ, ನೀನೂ ಇರ್ತೀಯಾ ಅನ್ನುತ್ತಾರೆ — ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು — ಬೇಡ, ಅದು ಈಗ ಬೇಡ, ಮೊದಲು ಪುಟ ಮುಗಿಯಲಿ.

ಅದಿರಲಿ, ಯಾವಾಗಲೂ ಒಬ್ಬಳು ಉದ್ದ ಒಬ್ಬಳು ಗಿಡ್ಡ ಯಾಕೆ, ಉದ್ದನೆಯವಳಿಗೆ ಕತ್ತರಿಸಿದ ಕೂದಲು, ಗಿಡ್ಡಿಗೆ ಜಡೆ, ಉದ್ದನೆಯವಳು ಗೋಡೆಗೆ ಕೈ ಊರುತ್ತಾಳೆ, ಗಿಡ್ಡಿ ಕೆಂಪಾಗುತ್ತಾಳೆ, ಇಬ್ಬರಲ್ಲಿ ಒಬ್ಬಳು ಗಂಡಸಿನ ಪಾಲು ಹೊತ್ತುಕೊಂಡರೆ ಓದುವವರಿಗೆ ಸಲೀಸು ಅಂತಲಾ, ನಾನೂ ಮೀನುವೂ ಕನ್ನಡಿ ಮುಂದೆ ನಿಂತರೆ ಭುಜಕ್ಕೆ ಭುಜ ಸಮ, ಅಂಗಿ ಅದಲುಬದಲಾದರೂ ಗೊತ್ತಾಗುವುದಿಲ್ಲ, ನಮ್ಮ ಕಥೆ ಬರೆಯಲು ಕೂತ ಚಿತ್ರಕಾರ ಪೆನ್ಸಿಲ್ ಕಚ್ಚಿಕೊಂಡು ಕೂರಬೇಕಾದೀತು. ಮೀನು ಅವಳ ಹೆಸರಲ್ಲ, ಈಜು ಕಲಿಸುವವಳನ್ನು ಮಕ್ಕಳು ಮೀನು ಟೀಚರ್ ಅಂದರು, ನಾನೂ ಮೀನು ಅಂದೆ, ನಿಜವಾದ ಹೆಸರು ಈಗ ಬಾಗಿಲಿಗೆ ಬರುವ ಪಾರ್ಸೆಲ್ಲುಗಳ ಮೇಲೆ ಮಾತ್ರ ಉಳಿದಿದೆ, ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಕೂದಲಲ್ಲಿ ಕೊಳದ ಔಷಧಿ ವಾಸನೆ, ಕೆಳಗಿನ ಮನೆಯ ಅಜ್ಜಿ ನಮ್ಮನ್ನು ಅಕ್ಕ ತಂಗಿ ಅಂದುಕೊಂಡಿದ್ದಾರೆ, ನೀವಿಬ್ಬರೂ ಜಗಳ ಆಡೋದು ಕೇಳಿದ್ರೆ ಒಂದೇ ಹೊಟ್ಟೇಲಿ ಹುಟ್ಟಿದೋರು ಅಂತ ಯಾರಾದ್ರೂ ಹೇಳ್ತಾರೆ ಅಂದರು ಒಮ್ಮೆ, ಮೀನು ನಕ್ಕೂ ನಕ್ಕೂ ಮೆಟ್ಟಿಲ ಮೇಲೇ ಕೂತುಬಿಟ್ಟಳು, ನಾನು ಮಾತ್ರ ಹೌದಜ್ಜಿ ನಾನೇ ದೊಡ್ಡವಳು ಅಂದೆ. ಯಾಕೆ ಅಂದೆನೋ. ಬಾಯಿಗೆ ಬಂತು, ಅಂದೆ.

ಚಿಕ್ಕವಳಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯ ಮೂಲೆಯಲ್ಲಿ ಕೂತು ಓದುತ್ತಿದ್ದೆನಲ್ಲ, ಇಂಥವೇ ಕಥೆಗಳು, ಇಬ್ಬರು ಗೆಳತಿಯರು ಹತ್ತಿರ ಹತ್ತಿರ ಬರುತ್ತಾರೆ, ಮೂಗಿಗೆ ಮೂಗು ತಾಗಬೇಕು, ಮುಂದಿನ ಚೌಕದಲ್ಲಿ ಕಿಟಕಿ, ಇಲ್ಲವೇ ಕುದಿಯುವ ಕೆಟಲು, ಪರದೆ ಹಾರುತ್ತಿರುತ್ತದೆ, ಪುಟ ತಿರುಗಿಸಿದರೆ ಆಗಲೇ ಬೆಳಗು, ಒಬ್ಬಳು ರೈಲು ಹತ್ತಿ ಮದುವೆಗೆ ಹೊರಟಿರುತ್ತಾಳೆ, ಇಲ್ಲವೇ ಕೆಮ್ಮಿ ಕೆಮ್ಮಿ ಸತ್ತಿರುತ್ತಾಳೆ, ಇನ್ನೊಬ್ಬಳು ಯಾರಿಗೂ ಹೇಳದೆ ಅವಳ ಕರವಸ್ತ್ರ ಮಡಿಸಿಡುತ್ತಾಳೆ, ಯಾರಿಗೂ ಹೇಳದಿರುವುದೇ ಪ್ರೀತಿಯ ದೊಡ್ಡ ಗುರುತು ಅಂತ ನಾನು ಅಲ್ಲೇ ಕಲಿತೆ ಅಂತ ಕಾಣುತ್ತೆ, ಈಗಿನವು ಎಷ್ಟೋ ವಾಸಿ, ಯಾರೂ ಸಾಯುವುದಿಲ್ಲ, ಮುತ್ತು ಇಡೀ ಪುಟದ ತುಂಬ, ಎಸಳು ಉಚಿತ, ಆದರೆ ಮುತ್ತಾದ ಮೇಲೆ ಮುಗಿಯಿತು ಅಂತ ಹಾಕಿಬಿಡುತ್ತಾರೆ, ಅಲ್ಲಿಂದಲೇ ಅಲ್ಲವಾ ಶುರು, ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆಯುವವಳ ಜೊತೆ ಸಂಸಾರ ಮಾಡುವುದು ಹೇಗೆ ಅಂತ ಯಾವ ಸಂಚಿಕೆಯಲ್ಲಿದೆ, ನನ್ನ ಸೊಂಟ ಹಿಡಿದುಕೊಂಡಿದ್ದಾಗ ಮೀನು ನೆಲದ ಮೇಲೆ ಕೂತು ನನ್ನ ಕಾಲನ್ನು ತೊಡೆ ಮೇಲಿಟ್ಟುಕೊಂಡು ಉಗುರು ಕತ್ತರಿಸಿದಳು, ಅಲ್ಲಾಡಬೇಡ, ನನ್ನ ಕ್ಲಾಸಿನ ಮಕ್ಕಳೇ ನಿನಗಿಂತ ವಾಸಿ ಅಂತ ಬೈಯುತ್ತ, ಅಷ್ಟು ಹತ್ತಿರ ನನಗೆ ಯಾರೂ ಯಾವತ್ತೂ ಬಂದಿಲ್ಲ, ಮುತ್ತಿನಲ್ಲೂ ಇಲ್ಲ, ಅದನ್ನು ಬರೆದರೆ ಕೊಳ್ಳುವವರು ಇರುತ್ತಾರಾ, ನಾನಂತೂ ಕೊಳ್ಳುತ್ತೇನೆ.

ಮತ್ತೆ ಅದೇ ಹೊಸ್ತಿಲು, ಮೀನು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಬೆಳಿಗ್ಗೆ ತನ್ನ ಅಮ್ಮನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟಿದ್ದಳು, ಇಷ್ಟು ವರ್ಷ ಅವರು ನನ್ನನ್ನು ಮಗಳ ಜೊತೆ ಬಾಡಿಗೆ ಹಂಚಿಕೊಳ್ಳುವ ಹುಡುಗಿ ಅಂತಲೇ ತಿಳಿದಿದ್ದಾರೆ, ನಾನೂ ಆಂಟಿ ಚೆನ್ನಾಗಿದ್ದೀರಾ ಅಂದು ರೂಮು ಸೇರಿಕೊಳ್ಳುತ್ತಿದ್ದೆ, ಇವತ್ತು ಅಮ್ಮನಿಗೆ ಹೇಳ್ತೀನಿ ಕಣೇ ಅಂದಳು ಮೀನು, ನೀನೂ ಇರ್ತೀಯಾ, ಎರಡನೇ ಚಪ್ಪಲಿ ಹಾಕದೆ ಹಾಗೇ ನಿಂತಳು, ನಾನು ಏನು ನೋಡಿದೆ, ಕೆಟಲು ನೋಡಿದೆ, ಕುದಿಯುತ್ತಲೂ ಇರಲಿಲ್ಲ ಅದು, ನೋಡೋಣ, ಇವತ್ತು ಪುಟ ಮುಗಿಸ್ಬೇಕು, ನಿನಗೆ ಹೇಗೆ ಅನ್ಸುತ್ತೋ ಹಾಗೆ ಹೇಳು ಅಂದೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅವಳು ಸರಿ ಅಂದಳು. ಜಗಳವಾಡಿದ್ದರೆ ಚೆನ್ನಾಗಿತ್ತು, ಬರೀ ಸರಿ ಅಂದಳು.

ಯಾರೋ ಮೇಜು ತಟ್ಟುತ್ತಿದ್ದಾರೆ, ಸಂಪಾದಕಿ ಮೇಡಂ, ಕೈಯಲ್ಲಿ ಬೆಳಿಗ್ಗೆ ನಾನು ಕೊಟ್ಟ ಪುಟ, ಮುಖದಲ್ಲಿ ನಗು, ಏನಮ್ಮಾ ಇದು, ನೋಡಿಲ್ಲಿ, ಗಿಡ್ಡಿ ಕೇಳ್ತಾಳೆ, ನನ್ನ ಜೊತೆ ಇದ್ದುಬಿಡ್ತೀಯಾ, ಪಕ್ಕದ ಗುಳ್ಳೆಯಲ್ಲಿ ಉತ್ತರ, ಇರ್ತೀನಿ, ಎಲ್ಲೂ ಹೋಗಲ್ಲ, ಅದರ ಬಾಲವೂ ಗಿಡ್ಡಿಯ ಬಾಯಿಗೇ ಹೋಗಿದೆಯಲ್ಲ, ಪಾಪ ಒಬ್ಬಳೇ ಕೇಳಿ ಒಬ್ಬಳೇ ಉತ್ತರ ಕೊಟ್ಕೋತಿದ್ದಾಳೆ, ಈ ಉದ್ದನೆಯವಳೇನು ಬಸ್ಸಿಗೆ ಕಾಯ್ತಿದ್ದಾಳಾ, ಪಕ್ಕದ ಮೇಜಿನವರೂ ನಕ್ಕರು, ನಾನೂ ನಕ್ಕೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಎಷ್ಟು ಪುಸ್ತಕ ಮಾಡಿದ್ದೇನೆ, ಈ ತಪ್ಪು ಹೇಗೆ ಮಾಡಿದೆ, ಪುಟದಲ್ಲಿ ಉದ್ದನೆಯವಳು ತುಟಿ ಒತ್ತಿಕೊಂಡು ಸುಮ್ಮನೆ ನಿಂತಿದ್ದಾಳೆ, ಸುತ್ತಲೂ ಎಸಳು, ನೋಡಿದರೆ ಕೆನ್ನೆಗೆ ಒಂದು ಬಿಡೋಣ ಅನ್ನಿಸುತ್ತದೆ, ಸರಿ ಮಾಡ್ತೀನಿ ಮೇಡಂ ಅಂದು ಬಾಲ ಅಳಿಸಿದೆ, ಹೊಸ ಬಾಲ ಎಳೆದೆ, ಉದ್ದನೆಯವಳ ಬಾಯಿಗೆ, ಚಿತ್ರದಲ್ಲಿ ಎಷ್ಟು ಸುಲಭ, ಆ ಗೆರೆ ಬಂದ ಕೂಡಲೇ ಅವಳ ಒತ್ತಿದ ತುಟಿ ಆಗತಾನೇ ಏನೋ ಹೇಳಿ ಮುಚ್ಚಿದ ಹಾಗೆ ಕಾಣುತ್ತದೆ, ಇದೇನು ವಿಚಿತ್ರವೋ, ಮುಖ ಅದೇ, ಒಂದು ಗೆರೆಗೆ ಹೆಣ್ಣೇ ಬೇರೆ, ಹಾಗಾದರೆ ಮೀನು ಈಗ ಅಲ್ಲಿ ಅಡುಗೆಮನೆ ಮೇಜಿನಲ್ಲಿ ಅಮ್ಮನೆದುರು ತನ್ನದು ನನ್ನದು ಎರಡು ಗುಳ್ಳೆಯನ್ನೂ ಒಬ್ಬಳೇ ತುಂಬುತ್ತಿದ್ದಾಳಾ.

ಫೋನು. ಮೀನುವೇ. ಪುಟ ಮುಗೀತಾ ಅಂತ ಕೇಳುತ್ತಾಳೆ ಮೊದಲು, ಅವಳೇ ಹಾಗೆ, ಮುಗೀತಾ ಬಂತು ಅಂದೆ, ಹೇಳಿದೆ ಅಂದಳು, ಏನಂದ್ರು ಅಂದೆ, ಬೈಲಿಲ್ಲ, ಅಳಲೂ ಇಲ್ಲ, ಒಂದೇ ಮಾತು ಕೇಳಿದ್ರು, ನಿನ್ನದು ಆಯ್ತು, ಆ ಹುಡುಗಿ ತನ್ನ ಬಾಯಿಂದ ಯಾವತ್ತಾದ್ರೂ ಇದನ್ನ ಹೇಳಿದ್ದಾಳಾ ಅಂತ, ನೀನೇನಂದೆ ಅಂತ ಕೇಳಿದೆ, ಏನನ್ನಲಿ, ನಿನ್ನ ಮಾತು ನಾನು ಹೇಗೆ ಆಡ್ಲಿ ಅಂದಳು ಮೀನು, ಕೋಪವಿಲ್ಲ ದನಿಯಲ್ಲಿ, ಸುಸ್ತು, ನೀರಿನಿಂದ ಆಗತಾನೇ ಮೇಲೆ ಬಂದವಳ ಸುಸ್ತು, ಅಮ್ಮ ಇಲ್ಲೇ ಇದ್ದಾರೆ, ಕೊಡ್ಲಾ, ಕೊಡು ಅಂದವಳು ನಾನೇನಾ, ನಾನೇ, ಆ ಕಡೆ ಬಳೆ ಸದ್ದು, ಉಸಿರು, ವಯಸ್ಸಾದ ಉಸಿರು, ಹೇಳಮ್ಮಾ ಅಂದರು, ಮೇಡಂ ನೋಡುತ್ತಿದ್ದಾರೆ, ಪಕ್ಕದ ಮೇಜಿನವರೂ, ನೋಡಲಿ, ಆಂಟಿ ಅನ್ನಲು ಹೊರಟ ನಾಲಿಗೆ ಅಲ್ಲೇ ನಿಂತಿತು, ಇಲ್ಲ ಅಮ್ಮಾ, ಯಾವತ್ತೂ ಹೇಳಿಲ್ಲ, ಅವಳಿಗೂ ಹೇಳಿಲ್ಲ, ಈಗ ಹೇಳ್ತೀನಿ ಅಂದೆ, ಇನ್ನು ಹೇಳಬೇಕು, ಎಷ್ಟು ಜನರ ಬಾಯಿಗೆ ಎಷ್ಟು ಮಾತು ತುಂಬಿದ್ದೇನೆ, ಈಗ ಒಂದೂ ಸಿಗುತ್ತಿಲ್ಲ, ಕಿಟಕಿ ಇದೆ ಆ ಕಡೆ, ನೋಡುವುದಿಲ್ಲ, ಕಣ್ಣು ಮುಚ್ಚಿದರೆ ಹೊಸ್ತಿಲು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ತಣ್ಣನೆಯ ನೆಲಕ್ಕೆ ಬೆರಳು ಮಡಿಸಿಕೊಂಡು, ಬರಿಗಾಲು —