ಮುಂದಿನ ಸೀನು ಹೇಳುವವನು

ಗವಿಸಿದ್ದೇಶನ ಬಾಯಿಗೆ ಹೊಂದುವ ಬೀಗ ಬಳ್ಳಾರಿಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವನ ಹುಟ್ಟೂರು ಹಚ್ಚೊಳ್ಳಿಯಲ್ಲಿ ಒಂದು ರೂಢಿಯಿತ್ತು. ಬಳ್ಳಾರಿಗೆ ಹೋಗಿ ತೆಲುಗು ಸಿನಿಮಾ ನೋಡಿ ಬಂದವನು ಕಟ್ಟೆಯ ಮೇಲೆ ಕೂತು, ಹೊಡೆದಾಟದ ಸದ್ದಿನ ಸಮೇತ, ಇಡೀ ಓಣಿಗೆ ಕಥೆ ಹೇಳಬೇಕು. ಚಿಕ್ಕಂದಿನಲ್ಲಿ ಆ ಪಟ್ಟ ಇವನದೇ. ದೊಡ್ಡವನಾಗಿ ಸಿರುಗುಪ್ಪದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ, ಬಳ್ಳಾರಿಯಲ್ಲಿ ಸಂಸಾರ ಹೂಡಿದ, ಚಾಳಿ ಮಾತ್ರ ಬಿಡಲಿಲ್ಲ. ಥಿಯೇಟರಿನಲ್ಲಿ ಹೆಂಡತಿ ಅಕ್ಷತಾಳಿಗೆ ಮುಂದಿನ ಸೀನು ಮೊದಲೇ ಹೇಳಿಬಿಡುವನು. ಹಾಳಾಗಲಿ ಎನ್ನಬಹುದಿತ್ತು. ಆದರೆ ಅವಳು ಶುರು ಮಾಡಿದ ಮಾತನ್ನೂ ಇವನೇ ಮುಗಿಸುತ್ತಿದ್ದ. ತಲೆನೋವು ಎಲ್ಲಿ ಎಂದು ಡಾಕ್ಟರು ಅವಳನ್ನು ಕೇಳಿದರೆ ತನ್ನ ಹಣೆ ಮುಟ್ಟಿ ತೋರಿಸಿದ ಪುಣ್ಯಾತ್ಮ.

ಹೋದ ತಿಂಗಳು ಅವಳು ಮಾತೇ ಬಿಟ್ಟಳು. ಅವನೂ ಮುನಿಸಿಕೊಂಡ. ಸುದ್ದಿ ಅವಳ ತವರು ಕುರುಗೋಡಿಗೆ ಮುಟ್ಟಿತು. ಅಮಾವಾಸ್ಯೆ ದಿನ ಮಗಳನ್ನು ಕರೆತರುವುದು ಬೇಡ, ಮರುದಿನ ಕಾರು ತರುತ್ತೇನೆ, ಬರುತ್ತೀಯೋ ಇಲ್ಲವೋ ಹಿಂದಿನ ಸಂಜೆ ಫೋನು ಮಾಡಿದಾಗ ಹೇಳು ಎಂದರು ತಂದೆ ಮರಿಬಸಪ್ಪ. ಹೋದರೆ ಮರಳುವ ಮನಸ್ಸು ಅವಳಿಗಿರಲಿಲ್ಲ. ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಿದ್ದಳು.

ಅಮಾವಾಸ್ಯೆಯ ಮಧ್ಯಾಹ್ನ ಮನೆಯಲ್ಲಿ ಅವಳೊಬ್ಬಳೇ. ಬೋಗುಣಿ ತುಂಬ ಒಗ್ಗರಣೆ ಮಂಡಕ್ಕಿ, ಮೇಲೆರಡು ಮಿರ್ಚಿ ಇಟ್ಟುಕೊಂಡು ಟಿವಿಯಲ್ಲಿ ಯಾವುದೋ ಹಿಮದ ನಾಡಿನ ಸಿನಿಮಾ ಹಾಕಿದಳು. ಅದರಲ್ಲೊಬ್ಬ ಮುದುಕ ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದ. ಮುದುಕಿ ಕಿಟಕಿಯಿಂದ ನೋಡುತ್ತ ಆಲೂಗಡ್ಡೆ ಹೆರೆಯುತ್ತಿದ್ದಳು. ಹಾಡಿಲ್ಲ, ಹೊಡೆದಾಟವಿಲ್ಲ. ಒಂದು ಆಲೂಗಡ್ಡೆಯ ಸಿಪ್ಪೆ ಪೂರ್ತಿ ಬಿಚ್ಚುವ ತನಕ ಕ್ಯಾಮೆರಾ ಕದಲಲಿಲ್ಲ. ಅಕ್ಷತಾಳಿಗೆ ಎಲ್ಲಿಲ್ಲದ ಖುಷಿ. ಆ ಮುದುಕಿಯನ್ನು ಯಾರೂ ಅವಸರಪಡಿಸುತ್ತಿರಲಿಲ್ಲ. ತನ್ನನ್ನೂ ಅಷ್ಟೇ. ಕಾಲು ಚಾಚಿ ಒಬ್ಬಳೇ ನಕ್ಕಳು.

ಅಷ್ಟರಲ್ಲಿ ಗವಿಸಿದ್ದೇಶ ಬಂದ. ಅಂಗಡಿಯಲ್ಲಿ ಅಮಾವಾಸ್ಯೆ ಪೂಜೆ ಮುಗಿಸಿ ಬೇಗ ಬಾಗಿಲು ಹಾಕಿದ್ದ, ಕೈಯಲ್ಲಿ ಒಡೆದ ತೆಂಗಿನಕಾಯಿ. ಬ್ಯಾಗು ನೋಡಿದ. ಮುಖ ಸಣ್ಣದಾಯಿತು. ಸದ್ದಿಲ್ಲದೆ ಸೋಫಾದ ತುದಿಗೆ ಕೂತ. ಆದರೆ ನಾಲಿಗೆ ಕೇಳಬೇಕಲ್ಲ. ಮಂಜುಗಡ್ಡೆ ಒಡೆದು ಮುದುಕ ಮುಳುಗುತ್ತಾನೆ ಎಂದ. ಮುದುಕ ಮೊಳೆ ಹೊಡೆಯುತ್ತಲೇ ಇದ್ದ. ಹಾಗಾದರೆ ಫ್ಲ್ಯಾಶ್‌ಬ್ಯಾಕು ಬರುತ್ತದೆ ಎಂದ. ಆಲೂಗಡ್ಡೆ ಬಂತು. ಹುಟ್ಟಿದಾರಭ್ಯ ಮೊದಲ ಸಲ ಅವನ ಲೆಕ್ಕಾಚಾರ ನೆಲ ಕಚ್ಚಿತು, ತಾನಾಗಿಯೇ ಸುಮ್ಮನಾದ.

ಕೊನೆಗೆ ಮುದುಕಿ ಹೊರಗೆ ಬಂದು, ಮಂಜಿನ ಮೇಲೆ ನಿಂತಿದ್ದ ದೋಣಿಯೊಳಗೆ ಮುದುಕನ ಎದುರು ಕೂತಳು. ಅಲ್ಲಿಗೆ ಸಿನಿಮಾ ಮುಗಿಯಿತು. ಇಂಟರ್ವಲ್ ಇರಬೇಕೆಂದು ಗವಿಸಿದ್ದೇಶ ಕಾದ. ಆಮೇಲೆ ಮೆಲ್ಲಗೆ ಕೇಳಿದ:

"ನನಗೇನೂ ತಿಳೀಲಿಲ್ಲ. ಮೊದಲಿಂದ ಏನಾತು, ನೀನ ಹೇಳು."

ಮದುವೆಯಾದಂದಿನಿಂದ ಅವನ ಬಾಯಿಂದ ಬರದ ಮಾತು ಇದು. ಅವಳು ಕಾಲು ಮಡಚಿ, ಕಟ್ಟೆಯ ಮೇಲೆ ಕೂತವರ ಹಾಗೆ ಕೂತು ಶುರು ಮಾಡಿದಳು. ಮೊಳೆಯ ಸದ್ದನ್ನೂ ಬಾಯಲ್ಲಿ ಮಾಡಿದಳು. ನಡುವೆ ಅವನ ಬಾಯಿ ತೆರೆಯಿತು. ತಾನೇ ಒಂದು ಹಿಡಿ ಮಂಡಕ್ಕಿ ತುರುಕಿಕೊಂಡ.

ಫೋನು ಹೊಡೆದುಕೊಂಡಿತು. ಅವಳ ಫೋನನ್ನು ಎತ್ತಿ ಅವಳ ಪರವಾಗಿ ಮಾತಾಡುವುದು ಅವನ ರೂಢಿ. ಕೈ ಮುಂದೆ ಹೋಯಿತು. ಮಾವನ ಹೆಸರು ಕಂಡಿತು. ಈ ಸಲ ತುಟಿ ಬಿಚ್ಚದೆ ಫೋನು ಅವಳಿಗೇ ಕೊಟ್ಟ.

"ಅಪ್ಪಾ, ನಾಳಿ ಕಾರು ತರಬ್ಯಾಡ," ಎಂದಳು ಅಕ್ಷತಾ. "ನಾನು ಕತಿ ಹೇಳಾಕತ್ತೀನಿ, ಇನ್ನೂ ಅರ್ಧ ಐತಿ."

ಯಾರಿಗಮ್ಮಾ ಎಂದು ಅತ್ತಲಿಂದ ಕೇಳಿದರು. ಅವಳು ಗಂಡನ ಉಬ್ಬಿದ ಕೆನ್ನೆ ನೋಡಿದಳು.

"ಇವ್ರಿಗೆ. ಕೇಳಾಕತ್ತಾರ."