ಅಂಜಲೈಯನ್ನು ಒಳಗೆ ಕರೆದದ್ದು

"ಅಂಜಲೈ ಅತ್ತೆ ತೀರಿಕೊಂಡಿದ್ದು ಯಾವ ವರ್ಷ, ಪಾಟಿ?" ಎಂದು ತಿಲಗವತಿ ಕೇಳಿದಾಗ ಉಣ್ಣಾಮಲೈ ಪಾಟಿ ಎಲೆ ಅಡಿಕೆ ಕುಟ್ಟುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ನನ್ನನ್ಯಾಕೆ ಕೇಳ್ತೀಯ? ಪಾಂಡಿಚೇರಿಗೆ ಹೋಗಿ ಅವಳನ್ನೇ ಕೇಳು," ಎಂದಳು.

ಮುದುಕಿಗೆ ಅರಳುಮರಳು ಎಂದು ತಿಲಗವತಿ ನಕ್ಕಳು. ಪಾಟಿ ನಗಲಿಲ್ಲ. ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡು, "ಮಿಲ್ಲಿನ ಹಿಂದೆ ಸೂಸೈ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ. ನಿಮ್ಮಜ್ಜಿ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು, ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇನ್ನು ನಾನೂ ಹೊರಟೋಳು, ಯಾವ ಆಣೆ?" ಎಂದಳು. ಅಜ್ಜಿಯ ಒಡಹುಟ್ಟಿದ ತಂಗಿ ಅವಳು. ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ.

ತಿಂಡಿವನದ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದ ತಿಲಗವತಿಗೆ ಪಲ್ಲವರ ವಂಶಾವಳಿ ನೀರು ಕುಡಿದಷ್ಟು ಸಲೀಸು. ಆದರೆ ಅಜ್ಜನ ಅಪ್ಪನ ಹೆಸರು ಕೇಳಿದರೆ ಬ್ಬೆಬ್ಬೆ ಎನ್ನುವ ಸ್ಥಿತಿ. ತಮ್ಮ ದಯಾಳನ ಮಗಳು ಯಾಳಿನಿಯ ಮದುವೆ ಗೊತ್ತಾದ ಮೇಲೆ ಈ ಅವಮಾನ ಸಾಕೆನಿಸಿ, ಹಿರಿಯರ ಹೆಸರು, ಊರು, ಬದುಕು ಎಲ್ಲವನ್ನೂ ಕೂಡಿಸಲು ಹೊರಟಿದ್ದಳು. ಬಸ್ಸು ಹತ್ತಿ ಹತ್ತಿ ಮುದುಕ ಮುದುಕಿಯರ ತಲೆ ತಿಂದಳು. ವಂಶವೃಕ್ಷವನ್ನು ದೊಡ್ಡದಾಗಿ ಬರೆಸಿ ಮದುವೆ ಮಂಟಪದಲ್ಲಿ ತೂಗುಹಾಕಬೇಕೆಂಬ ಜಂಬ ಬೇರೆ ಇತ್ತು.

ಆ ವೃಕ್ಷದಲ್ಲಿ ಅಪ್ಪನ ತಂಗಿ ಅಂಜಲೈಗೆ ಎಲ್ಲರಿಗಿಂತ ಮೇಲಿನ ಮರ್ಯಾದೆ. ಹದಿನೇಳರ ವಯಸ್ಸಿಗೆ ಬಾವಿಗೆ ಬಿದ್ದು ಸತ್ತ ಕನ್ಯೆ ಅವಳು, ಮನೆಯ ಪೂವಾಡೈಕಾರಿ. ಮುತ್ತೈದೆಯಾಗಿಯೋ ಕನ್ಯೆಯಾಗಿಯೋ ಸತ್ತ ಮನೆಯ ಹೆಣ್ಣು ಹೂವಿನ ವಾಸನೆಯಾಗಿ ಮನೆ ಕಾಯುತ್ತಾಳೆ ಎಂದು ಆ ಕಡೆಯವರ ನಂಬಿಕೆ. ಪ್ರತಿ ಪೊಂಗಲ್ಲಿಗೆ, ಮದುವೆ ಇದ್ದರೆ ಮದುವೆಗೆ ಮೊದಲು, ಕೆರೆಯ ದಡದಲ್ಲಿ ಪಂಬೆಯ ಜೋಡು ಡೋಲು ಬಾರಿಸಿ, ಹೆಸರು ಹಿಡಿದು ಕೂಗಿ, ತುಂಬಿದ ಕೊಡದಲ್ಲಿ ಅವಳನ್ನು ಮನೆಗೆ ಕರೆತಂದು ಹೊಸ ಸೀರೆ ಇಡುತ್ತಾರೆ. ಅಜ್ಜಿ ಇದ್ದಷ್ಟು ದಿನ ಆ ಸೀರೆಯನ್ನು ಮನೆಯಲ್ಲಿ ಯಾರಿಗೂ ಉಡಲು ಬಿಟ್ಟವಳಲ್ಲ. ಕನ್ಯೆಯ ಸೀರೆ ಸಮುದ್ರಕ್ಕೇ ಸೇರಬೇಕೆಂದು ತಾನೇ ಪಾಂಡಿಚೇರಿ ಬಸ್ಸು ಹತ್ತುತ್ತಿದ್ದಳು. ಅಜ್ಜಿ ಹೋದ ಮೇಲೆ ಸಮುದ್ರದವರೆಗೆ ಹೋಗುವ ಉಸಾಬರಿ ಯಾರಿಗೆ ಬೇಕು? ಮನೆಯ ಹಿರೀಮಗಳು ಉಡಲಿ ಎಂದರು. ಹಿರೀಮಗಳು ತಿಲಗವತಿ. ಅವಳ ಬೀರುವಿನಲ್ಲಿ ಒಳ್ಳೆಯ ಸೀರೆಗಳೆಂದರೆ ಅವೇ.

ಪಾಂಡಿಚೇರಿಗೆ ಹೋದ ದಿನ ಉಟ್ಟದ್ದೂ ಅದರಲ್ಲೊಂದು. ಬೇಕೆಂದೇ ಉಟ್ಟದ್ದಲ್ಲ. ಕೈಗೆ ಸಿಕ್ಕಿದ್ದನ್ನು ಉಟ್ಟಿದ್ದಳು, ಅಷ್ಟೇ.

ತಗಡಿನ ಮಾಡಿನ ಮನೆಯ ಬಾಗಿಲಲ್ಲಿ ಕೂತು ಮೀನು ಹೆಚ್ಚುತ್ತಿದ್ದ ಮುದುಕಿ ಕತ್ತೆತ್ತಿ ನೋಡಿದಳು. ಬರಿ ಹಣೆ, ಕೊರಳಲ್ಲಿ ಶಿಲುಬೆಯ ಜಪಮಾಲೆ. ತಿಲಗವತಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಏಳುಮಲೈ ಅಣ್ಣನ ಮಗಳು ತಾನೇ? ಆ ದರಿದ್ರ ಮೂಗು ನಮ್ಮ ಮನೇಲಿ ಒಬ್ರನ್ನೂ ಬಿಟ್ಟಿಲ್ಲ ನೋಡು. ಒಳಗೆ ಬಾಮ್ಮ. ಅಣ್ಣ ಇದ್ದಾನಾ?"

"ಇದ್ದಾರೆ, ಅತ್ತೆ."

"ಇರ್ಲಿ. ಕುಡುಗೋಲು ಹಿಡ್ಕೊಂಡು ನನ್ನನ್ನ ಈ ಊರೆಲ್ಲ ಹುಡುಕ್ದ. ಸಿಗಲಿಲ್ಲ ಅಂತ ಹೋಗಿ, ಬಾವಿಗೆ ಬಿದ್ದು ಸತ್ಲು ಅಂತ ಊರಿಗೆ ಹೇಳಿ ಎಳ್ಳುನೀರು ಬಿಟ್ಟ. ಕೈಗೆ ಸಿಕ್ಕಿದ್ರೆ ಪಾಪ ಜೈಲಿಗೆ ಹೋಗ್ತಿದ್ದ."

ಬಾವಿ ತೋಡಲು ಬಂದಿದ್ದ, ಊರಾಚೆ ದಲಿತರ ಚೇರಿಯ ಹುಡುಗ ಸೂಸೈ ಜೊತೆ ಹೊರಟುಬಂದದ್ದನ್ನು ಅಂಜಲೈ ಸಂತೆಗೆ ಹೋಗಿಬಂದವಳ ಹಾಗೆ ಹೇಳಿದಳು. ಸೂಸೈ ಮಿಲ್ಲಿನಲ್ಲಿ ದುಡಿದು, ಅಲ್ಲೇ ಕೆಮ್ಮು ಹಿಡಿದು ಸತ್ತಿದ್ದ. ಮಕ್ಕಳು ಉಳಿಯಲಿಲ್ಲ. ಅನ್ನ, ಮೀನಿನ ಸಾರು ಬಡಿಸಿ ಎದುರಿಗೆ ಕೂತಳು.

"ಅಮ್ಮ ಇರೋತನಕ ಪೊಂಗಲ್‌ಗೆ ತವರಿಂದ ಸೀರೆ ಬರೋದು ತಪ್ಪಲಿಲ್ಲ. ಈ ಬೀದೀಲಿ ಪಕ್ಕದ ಓಣೀಲೇ ತವರಿರೋರಿಗೂ ಹಾಗೆ ಬರ್ತಿರಲಿಲ್ಲ. ಅವಳು ಹೋದ್ಮೇಲೆ ನಿಂತೋಯ್ತು." ತಿಲಗವತಿಯ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಒಳ್ಳೇ ನೇಯ್ಗೆ. ಎಲ್ಲಿ ತಗೊಂಡೆ?"

"ಅಪ್ಪ ಕೊಡಿಸಿದ್ದು," ಎಂದಳು ತಿಲಗವತಿ. ಅಜ್ಜಿ ಸಮುದ್ರಕ್ಕೆಂದು ಒಯ್ದ ಸೀರೆಗಳು ಎಲ್ಲಿಗೆ ಬಂದವೆಂದು ಈಗ ಗೊತ್ತಾಗಿತ್ತು. ಈ ಹೆಂಗಸು ತವರಿನ ಉಡುಗೊರೆ ಎಂದು ಉಟ್ಟದ್ದು ತನ್ನದೇ ಎಡೆಗೆ ಇಟ್ಟ ಸೀರೆ. ಅದಾದ ಮೇಲಿನದನ್ನೆಲ್ಲ ಉಟ್ಟು ಮೆರೆದವಳು ತಾನು. ಅದನ್ನು ಹೇಳಲು ಬಾಯಿ ಬಾರದೆ, ಬೇರೆ ಏನಾದರೂ ಕೊಡಬೇಕೆನಿಸಿ, "ಯಾಳಿನಿ ಮದುವೆಗೆ ನೀವು ಬರಲೇಬೇಕು ಅತ್ತೆ. ಅಪ್ಪನ ಕೈಲೇ ತಾಂಬೂಲ ಕೊಡಿಸಿ ಕರೆಸ್ತೀನಿ," ಎಂದುಬಿಟ್ಟಳು.

"ಕರೆದ್ರೆ ಬರ್ತೀನಿ," ಎಂದಳು ಅಂಜಲೈ.

ದಯಾಳನಿಗೆ ಹೇಳಿದಾಗ ಅವನು ಮೊದಲು ಬಾಗಿಲು ಹಾಕಿದ.

"ಅಕ್ಕಾ, ನಿನಗೆ ತಲೆ ನೆಟ್ಟಗಿದ್ಯಾ? ಹೆಣ್ಣು ನೋಡೋಕೆ ಬಂದಾಗ 'ನಮ್ಮ ಮನೇಲಿ ಕನ್ಯೆ ಕಾವಲಿದ್ದಾಳೆ' ಅಂತ ಬೀಗರ ಹತ್ರ ಕೊಚ್ಕೊಂಡಿದ್ದೀನಿ. ಈಗೇನು, ಆ ದೇವತೆ ಪಾಂಡಿಚೇರೀಲಿ ಮೀನಿನ ಸಾರು ಕಾಯಿಸ್ತಾ ಕೂತಿದ್ದಾಳೆ ಅನ್ಲಾ? ಅದೂ ಚೇರಿಯವನ ಜೊತೆ ಓಡಿಹೋದೋಳು! ಮದುವೆ ಮುರಿದು ಬಿದ್ರೆ ನೀನು ಬಂದು ನಿಂತು ಕಟ್ಟಿಸ್ತೀಯಾ ತಾಳಿ?"

"ಅಪ್ಪನಿಗಾದ್ರೂ ಹೇಳೋಣ ಕಣೋ."

"ಹೇಳು. ಅಪ್ಪನ ಎದೆ ಅಲ್ಲೇ ನಿಲ್ಲುತ್ತೆ. ಒಂದೇ ಖರ್ಚಲ್ಲಿ ಎರಡೂ ಮುಗಿಸೋಣ."

ತಿಲಗವತಿ ಎದ್ದು ಬಾಗಿಲು ತೆಗೆದು ಹೊರಗೆ ಬಂದಳು. ತಮ್ಮನ ಬಾಯಿಗೆ ಹೆದರಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು, ಆದರೆ ಅದು ಪೂರ್ತಿ ನಿಜವಲ್ಲ. ನೆಂಟರ ಮುಂದೆ ಚೇರಿಯ ಸೊಸೆಯನ್ನು ಅತ್ತೆ ಎಂದು ಕೈಹಿಡಿದು ಕರೆತರುವುದನ್ನು ನೆನೆದಾಗ ಅವಳಿಗೂ ಮುಖ ಬಿಸಿಯಾಗಿತ್ತು. ಸಮಾನತೆಯ ಪಾಠವನ್ನು ಎಷ್ಟು ವರ್ಷ ಮಾಡಿದರೇನು, ಚರ್ಮದ ಕೆಳಗೆ ಇದ್ದದ್ದು ಅದೇ. ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದು ಒಪ್ಪಿಕೊಂಡಳು.

ಮದುವೆಯ ಹಿಂದಿನ ಸಂಜೆ ಮನೆಮಂದಿಯೆಲ್ಲ ಕೆರೆಯ ದಡದಲ್ಲಿ ನಿಂತಿದ್ದರು. ಪಂಬೆಯ ಮುನಿರತ್ನಂ ಡೋಲಿನ ಹಗ್ಗ ಬಿಗಿದು, "ಯಾರ್ಯಾರನ್ನ ಕರೀಬೇಕು, ಹೆಸರು ಹೇಳಿ," ಎಂದ.

"ನಮ್ಮಕ್ಕನ್ನ ಕೇಳಪ್ಪ, ವಂಶವೆಲ್ಲ ಅವಳ ನಾಲಿಗೆ ತುದೀಲಿದೆ," ಎಂದ ದಯಾಳನ್, ಅವಳ ಮುಖ ನೋಡದೆ.

ತಿಲಗವತಿ ಮುತ್ತಜ್ಜಿಯರ ಹೆಸರು ಹೇಳಿದಳು. ಅವನು ಒಂದೊಂದನ್ನೂ ಹಾಡಿಗೆ ಸೇರಿಸಿಕೊಂಡ. ಅವಳು ನಿಲ್ಲಿಸಿದಳು. ಡೋಲೂ ನಿಂತಿತು. "ಮುಖ್ಯದವಳನ್ನೇ ಬಿಟ್ರಲ್ಲ ಮೇಡಂ," ಎಂದು ಯಾರೋ ನಕ್ಕರು. ಕೋಲೂರಿ ನಿಂತಿದ್ದ ಅಪ್ಪ ಏಳುಮಲೈ ಮಗಳನ್ನೇ ನೋಡುತ್ತಿದ್ದ. ಇಲ್ಲ, ಅವಳು ಸತ್ತಿಲ್ಲ ಎನ್ನಲು ಅಷ್ಟು ಹೊತ್ತು ಸಾಕಿತ್ತು.

"ಅಂಜಲೈ," ಎಂದಳು ತಿಲಗವತಿ. ತರಗತಿಯಲ್ಲಿ ಹಾಜರಿ ಕೂಗುವ ದನಿ, ಕಡೆಯ ಸಾಲಿಗೂ ಕೇಳುವಂಥದು.

ಪಂಬೆ ಎದ್ದಿತು. ದಯಾಳನ ಹೆಂಡತಿ ಸೆಲ್ವಾಂಬಾಳ ಮೈಮೇಲೆ ಬಂತು. ತಲೆಗೂದಲು ಬಿಚ್ಚಿಕೊಂಡು, "ಬಂದಿದ್ದೀನಿ, ಅಂಜಲೈ ಬಂದಿದ್ದೀನಿ," ಎಂದು ತೂಗಾಡಿದಳು. ಕೊಡ ಹೊತ್ತು ಮೆರವಣಿಗೆ ಮನೆಯ ಹೊಸ್ತಿಲಿಗೆ ಬಂದಾಗ ಏಳುಮಲೈ ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಮುಗಿದ. "ಬಾ ತಾಯಿ, ಒಳಗೆ ಬಾ. ಇದು ನಿನ್ನ ಮನೆ." ಎಲ್ಲರ ಜೊತೆ ತಿಲಗವತಿಯೂ ಸೆಲ್ವಾಂಬಾಳ ಕಾಲಿಗೆ ಬಿದ್ದಳು. ಬಿದ್ದವಳಿಗೆ ಏಳುವುದು ಬೇಡವೆನಿಸಿತು. ಎಪ್ಪತ್ತೆಂಟರ ಮುದುಕಿಯೊಬ್ಬಳು ಪಾಂಡಿಚೇರಿಯಲ್ಲಿ ತಾಂಬೂಲ ಬರುತ್ತದೆಂದು ಬಾಗಿಲು ನೋಡುತ್ತ ಕೂತಿರಬಹುದು. ಅವಳನ್ನು ಅಣ್ಣ ಒಂದು ಸಲ ಸಾಯಿಸಿದ್ದ, ಈ ಸಲ ಸಾಯಿಸಿದ್ದು ತಾನು.

ಮದುವೆ ಸಾಂಗವಾಯಿತು. ವಂಶವೃಕ್ಷದ ಮುಂದೆ ನಿಂತು ಬೀಗರು ಫೋಟೊ ತೆಗೆಸಿಕೊಂಡರು. ಮೂರನೆಯ ದಿನ ತಿಲಗವತಿ ಈ ಸಲ ಎಡೆಗೆ ಇಟ್ಟ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಪಾಂಡಿಚೇರಿಗೆ ಹೋದಳು. ಬೈಸಿಕೊಳ್ಳಬೇಕು, ಸಾಧ್ಯವಾದರೆ ಹೊಡೆಸಿಕೊಳ್ಳಬೇಕು ಎಂದೇ ಹೋದಳು.

"ಮದುವೆ ಚೆನ್ನಾಗಾಯ್ತಾ?" ಎಂದಳು ಅಂಜಲೈ. ಯಾಕೆ ಕರೆಯಲಿಲ್ಲ ಎಂದು ಕೇಳಲಿಲ್ಲ.

ಸೀರೆಯನ್ನು ಅವಳ ಮಡಿಲಲ್ಲಿಟ್ಟು ತಿಲಗವತಿ ನೆಲದ ಮೇಲೆ ಕುಸಿದು ಕೂತಳು. "ಅತ್ತೆ, ಇದು ಉಡುಗೊರೆಯಲ್ಲ. ಯಾವತ್ತೂ ಉಡುಗೊರೆ ಆಗಿರಲಿಲ್ಲ. ನೀವು ಸತ್ತಿದ್ದೀರಿ ಅಂತ..." ಎಂದು ಶುರುಮಾಡಿದವಳಿಗೆ ಮುಂದೆ ಅಳುವೇ ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ತಾನೇ ಹೆಸರು ಕೂಗಿದ್ದನ್ನೂ ಹೇಳಿದಳು.

ಅಂಜಲೈ ಸೀರೆಯ ತುದಿಗೆ ಹಚ್ಚಿದ್ದ ಅರಿಶಿನವನ್ನು ಮೂಸಿದಳು. "ಗೊತ್ತು ಕಣೇ. ಹೇಳಿಕೊಟ್ಟೋಳೇ ನಾನು."

ತಿಲಗವತಿಯ ಅಳು ಅಲ್ಲಿಗೇ ನಿಂತಿತು.

"ಅಮ್ಮ ಮೊದಲ್ನೇ ಸಲ ಬಂದಾಗ ಬರಿಗೈ. ಮಗಳಿಗೊಂದು ಸೀರೆ ತರೋಕೂ ಆ ಮನೇಲಿ ದಾರಿಯಿಲ್ಲ ಅಂತ ಒಂದೇ ಗೋಳು. ಬದುಕಿರೋಳಿಗೆ ಕೊಡಲ್ಲ ಅಂದ್ರೆ ಸತ್ತೋಳಿಗಾದ್ರೂ ಕೊಡ್ತಾರಲ್ಲಮ್ಮ, ಕೇಳಿ ನೋಡು ಅಂದೆ. ತಮಾಷೆಗೇ ಅಂದಿದ್ದು. ಅವಳು ಹೋಗಿ, ಮಗಳು ನಿಜವಾಗ್ಲೂ ಸತ್ತೋದ್ಲು, ಕನಸಲ್ಲಿ ಬಂದು ಸೀರೆ ಕೇಳಿದ್ಲು ಅಂದ್ಲಂತೆ. ಮುಂದಿನ ಪೊಂಗಲ್‌ಗೆ ಸೀರೆ ಬಂತು." ಅಂಜಲೈ ಕೂತಲ್ಲೇ ಮುಂದಕ್ಕೆ ಜರುಗಿದಳು. "ಅದಿರ್ಲಿ, ಈ ಸಲ ಯಾರ ಮೈಮೇಲೆ ಬಂದೆ ನಾನು?"

"ದಯಾಳನ ಹೆಂಡತಿ ಮೈಮೇಲೆ."

"ಏನಂದೆ?"

"ಮಗು ಮದುವೆ ನಾನೇ ನಿಂತು ಮಾಡಿಸ್ತೀನಿ ಅಂದ್ರಿ."

"ಒಳ್ಳೇದೇ ಅಂದಿದ್ದೀನಿ." ಅವಳು ತಲೆ ಆಡಿಸಿದಳು. "ಹೊಸ್ತಿಲಲ್ಲಿ ಅಪ್ಪ ಕರೀತಿದ್ರು ಅಂತ ಅಮ್ಮ ಹೇಳ್ತಿದ್ಲು. ಈಗ ಯಾರು ಕರೀತಾರೆ?"

"ಅಪ್ಪ. ನಿಮ್ಮಣ್ಣ."

"ಏಳುಮಲೈಯಾ?"

"ಹ್ಞೂಂ. ಕೈ ಮುಗಿದು, 'ಬಾ ತಾಯಿ, ಒಳಗೆ ಬಾ, ಇದು ನಿನ್ನ ಮನೆ' ಅಂತಾರೆ. ಪ್ರತಿ ಸಲ."

ಅಂಜಲೈಯ ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲೂ ಇಲ್ಲ. ತಿಲಗವತಿ ಅವಳ ಎರಡೂ ಕೈ ಹಿಡಿದುಕೊಂಡಳು. "ಇವತ್ತೇ ಅಪ್ಪನಿಗೆ ಹೇಳ್ತೀನಿ ಅತ್ತೆ. ಯಾರು ಏನಾದ್ರೂ ಅಂದ್ಕೊಳ್ಲಿ. ನೀವು ಬದುಕಿದ್ದೀರಿ ಅಂತ ಹೇಳಿ ಇಲ್ಲಿಗೇ ಕರ್ಕೊಂಡು ಬರ್ತೀನಿ."

"ಬೇಡ ಕಣಮ್ಮ," ಎಂದು ಅಂಜಲೈ ಕೈ ಬಿಡಿಸಿಕೊಂಡಳು. "ಹೇಳ್ಬೇಡ. ಬದುಕಿದ್ದೀನಿ ಅಂತ ಗೊತ್ತಾದ್ರೆ ಕರೆಯೋದು ನಿಲ್ಲಿಸಿಬಿಡ್ತಾನೆ."