ಹುಳ ಹಣ್ಣಾದ ದಿನ

ಬೆಳಗಿನ ಹೊತ್ತು ಡೈರಿಯಲ್ಲಿ ಹಾಲಿಗಿಂತ ಮಾತೇ ಹೆಚ್ಚು ಹರಿಯುತ್ತದೆ. ದಿಬ್ಬೂರಹಳ್ಳಿ ಕಡೆಯ ಆ ಪುಟ್ಟ ಊರಿನಲ್ಲೂ ಅಷ್ಟೆ. ಯಾರ ಹಸು ಕರು ಹಾಕಿತು, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ರೇಟು ಏನಾಯಿತು, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಎಲ್ಲವೂ ಕ್ಯಾನು ತುಂಬುವ ಮೊದಲೇ ಊರಿಗೆ ಗೊತ್ತಾಗಬೇಕು. ಆದರೆ ಆವತ್ತು ಆರೋಗ್ಯಮ್ಮ ಹಾಲಿನ ಪಾತ್ರೆ ಹಿಡಿದು ಬಂದಾಗ ಅಲ್ಲಿದ್ದವರ ಬಾಯಿಗೆಲ್ಲ ಬೀಗ ಬಿತ್ತು. ಬೀಗ ಬೀಳದೆ ಉಳಿದದ್ದು ಅವಳ ಓಣಿಯ ವೆಂಕಟರಾಯಪ್ಪನ ಮೊಬೈಲು ಒಂದೇ.

“ಗಡಿಯಲ್ಲಿ ಸತ್ತ ಪಾದ್ರಿ ಶತ್ರು ದೇಶದ ಗೂಢಚಾರ!” ಎಂದು ಅದು ಕಿರುಚುತ್ತಿತ್ತು. ವೆಂಕಟರಾಯಪ್ಪ ಗಾಬರಿಯಿಂದ ಎಲ್ಲೆಲ್ಲೋ ಒತ್ತಿದ. ಹಾಳಾದ್ದು, ಸದ್ದು ಇನ್ನಷ್ಟು ಜೋರಾಯಿತು.

ಆ ಪಾದ್ರಿ ಆರೋಗ್ಯಮ್ಮನ ಒಡಹುಟ್ಟಿದ ತಮ್ಮ, ಫಾದರ್ ಚೌರಪ್ಪ. ಆಫ್ರಿಕಾದ ಒಂದು ಗುಡ್ಡಗಾಡಿನಲ್ಲಿ ಬಹಳ ವರ್ಷಗಳಿಂದ ಚರ್ಚು, ಶಾಲೆ ನೋಡಿಕೊಂಡಿದ್ದವನು. ಆ ಗುಡ್ಡ ನಮ್ಮದು ಎಂದು ಎರಡು ದೇಶಗಳು ಕಾದಾಡುತ್ತಿದ್ದವು. ಹೋದ ತಿಂಗಳು ಗುಂಡಿನ ಸದ್ದು ಸ್ವಲ್ಪ ನಿಂತಾಗ, ಹೊಳೆಯ ಆಚೆ ದಡದಲ್ಲಿ ಗಾಯಗೊಂಡು ಬಿದ್ದಿದ್ದ ಎದುರು ದೇಶದ ಸೈನಿಕರು ನೀರು ನೀರು ಎಂದು ಕೂಗುತ್ತಿದ್ದರಂತೆ. ಚೌರಪ್ಪ ಬಿಳಿ ಬಟ್ಟೆ ಎತ್ತಿ ಹಿಡಿದು ಹೋದ. ಒಬ್ಬನನ್ನು ಹೊತ್ತು ತಂದು ಮಲಗಿಸಿದ. ಇನ್ನೊಬ್ಬನಿಗಾಗಿ ಮತ್ತೆ ಹೋದಾಗ ಗುಂಡು ಬಿತ್ತು. ಯಾರ ಗುಂಡೋ ದೇವರೇ ಬಲ್ಲ. ಎರಡೂ ದೇಶದವರು ಅವನನ್ನು ಇನ್ನೊಬ್ಬರ ಗೂಢಚಾರ ಎಂದು ಕೈ ತೊಳೆದುಕೊಂಡರು. ಟೀವಿಯವರು ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಸುದ್ದಿ ಮೊಬೈಲಿಂದ ಮೊಬೈಲಿಗೆ ಹಾರಿ ಈ ಡೈರಿಗೆ ಬರುವಷ್ಟರಲ್ಲಿ ಆ ಚಿಹ್ನೆ ಎಲ್ಲೋ ಉದುರಿಹೋಗಿತ್ತು.

“ನಿಲ್ಲಿಸ್ಬೇಡಣ್ಣ, ಪೂರ್ತಿ ಹಾಕು. ನಾನೂ ಕೇಳ್ತೀನಿ” ಎಂದಳು ಆರೋಗ್ಯಮ್ಮ.

“ನಾನು ಹೇಳಿದ್ದಲ್ಲಮ್ಮ. ಯಾರೋ ಕಳಿಸಿದ್ರು. ನಾನೂ ಹಂಗೇ ನಮ್ಮೂರ ಗ್ರೂಪಿಗೆ ಹಾಕ್ದೆ.”

“ನಿನ್ನ ಕಣ್ಣೆದುರಿಗೆ ಬೆಳೆದೋನು ಅವನು. ಗೂಢಚಾರನ ಥರ ಕಾಣಿಸ್ತಿದ್ನಾ?”

ವೆಂಕಟರಾಯಪ್ಪನಿಗೂ ಜನರೆದುರು ತಗ್ಗಲು ಮನಸ್ಸಾಗಲಿಲ್ಲ. “ಹುಡುಗ ಒಳ್ಳೆಯೋನೇ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಆ ಕಡೆ ಸೈನಿಕನಿಗೆ ನೀರು ಕೊಡೋಕೆ ಇವನು ಯಾಕೆ ಹೋಗ್ಬೇಕಿತ್ತು? ಅನ್ನ ಹಾಕಿದ ದೇಶದ ಕಡೆ ಇರ್ಬೇಕೋ ಬೇಡ್ವೋ? ನಮ್ಮ ಗಡೀಲಿ ಯಾರಾದ್ರೂ ಹಿಂಗೆ ಮಾಡಿದ್ರೆ ನಾವು ಸುಮ್ನೆ ಬಿಡ್ತೀವಾ?”

ಕೇಳಿದ ಮಾತು ಪೂರಾ ಸುಳ್ಳೆನ್ನುವಂತಿರಲಿಲ್ಲ. ಅದಕ್ಕೇ ಆರೋಗ್ಯಮ್ಮನಿಗೆ ಉತ್ತರ ಹೊಳೆಯಲಿಲ್ಲ. ಹಾಲು ಹಾಕಿ ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಅತ್ತಳು. ತಮ್ಮ ಸತ್ತ ಸುದ್ದಿ ಬಂದಾಗ ಅವಳು ಎದೆ ಸೆಟೆಸಿ ನಿಂತಿದ್ದಳು. ಸತ್ತರೆ ಹೀಗೆ ಸಾಯಬೇಕು ಎಂದು ಚಿಕ್ಕಬಳ್ಳಾಪುರದ ಚರ್ಚಿನ ಫಾದರ್ ಹೇಳಿದಾಗ, ದುಃಖದ ಮಧ್ಯೆಯೂ ಮೈ ತುಂಬ ಹೆಮ್ಮೆಯಾಗಿತ್ತು. ಈಗ ಊರಿನ ಬಾಯಲ್ಲಿ ಅವನು ಗೂಢಚಾರ! ಮಣ್ಣು ಮಾಡಿದ ಜಾಗವನ್ನೂ ಅವಳು ನೋಡಿರಲಿಲ್ಲ. ಉಳಿದಿದ್ದದ್ದು ಅವನ ಹೆಸರು ಒಂದು, ಅದನ್ನೂ ಕಿತ್ತುಕೊಂಡರೆ ಹೇಗೆ?

ಸಾಲದ್ದಕ್ಕೆ ಇನ್ನೊಂದು ಅವಮಾನ. ವೆಂಕಟರಾಯಪ್ಪ ರೇಷ್ಮೆಹುಳ ಸಾಕುವ ಹುಳದ ಮನೆ ಇವಳ ಮನೆಗೆ ಎದುರಾಗಿ, ಓಣಿಯ ಆಚೆಗಿತ್ತು. ಅದರ ಕಿಟಕಿಗಳಿಗೆಲ್ಲ ಅವನು ಗೋಣಿಚೀಲ ಹೊಡೆಸಿದ್ದ. ರೇಷ್ಮೆಹುಳಕ್ಕೆ ಸೂತಕದ ಮನೆಯ ಗಾಳಿ ಸೋಕಬಾರದೆಂದು ಆ ಕಡೆ ನಂಬಿಕೆ. “ತಪ್ಪು ತಿಳ್ಕೋಬೇಡ ತಲ್ಲಿ. ನಮ್ಮನೆಯೋರಿಗೆ ಭಯ ಜಾಸ್ತಿ” ಎಂದು ಅವನ ಹೆಂಡತಿ ಮಂಗಮ್ಮ ತನ್ನ ತೆಲುಗು ಬೆರೆತ ಮಾತಿನಲ್ಲಿ ಮೆಲ್ಲಗೆ ಹೇಳಿಹೋಗಿದ್ದಳು. ಆರೋಗ್ಯಮ್ಮ ಈ ಸಲ ಸಾಕಲು ಹುಳ ತಂದಿರಲಿಲ್ಲ. ದಿನವಿಡೀ ಆ ಗೋಣಿಗಳನ್ನು ನೋಡುತ್ತ ಕೂರುವುದೇ ಕೆಲಸವಾಗಿತ್ತು.

ಅದೇ ವಾರ ಚಿಂತಾಮಣಿಯಲ್ಲೊಂದು ಮದುವೆ. ಸೂತಕದ ಆರೋಗ್ಯಮ್ಮ, ಹುಳ ಬಿಟ್ಟು ಹೋಗಲಾಗದ ವೆಂಕಟರಾಯಪ್ಪ, ಮಂಗಮ್ಮ ಬಿಟ್ಟರೆ ಊರಿಗೆ ಊರೇ ಬಸ್ಸು ಹತ್ತಿತು. ತನ್ನ ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನೂ ಸಮಯವಿದೆ ಎಂಬ ಧೈರ್ಯದಲ್ಲಿ ವೆಂಕಟರಾಯಪ್ಪ ಆಳುಗಳನ್ನೂ ಕಳಿಸಿದ್ದ. ಗೋಣಿ ಬಿಗಿದ ಕೋಣೆಯಲ್ಲಿ ಸೆಕೆ ಏರಿ ಹುಳ ಮೊದಲೇ ಹಣ್ಣಾಗುತ್ತವೆ ಎಂಬುದು ಅಷ್ಟು ವರ್ಷ ಹುಳ ಸಾಕಿದವನ ತಲೆಗೆ ಹೊಳೆಯಲೇ ಇಲ್ಲ. ಸೂತಕದ ಭಯ ಅವನ ಬುದ್ಧಿಗೂ ಗೋಣಿ ಹೊದಿಸಿತ್ತು.

ಮಧ್ಯಾಹ್ನ ಓಣಿಯ ಆಚೆಯಿಂದ ಮಂಗಮ್ಮನ ಕೂಗು ಕೇಳಿತು. “ಅಯ್ಯೋ ದೇವುಡಾ! ಎಲ್ಲಾ ಹಣ್ಣಾಗಿಬಿಟ್ಟವೆ ಕಣ್ರೀ! ಸೊಪ್ಪಿನ ಮೇಲೇ ನೂಲು ಬಿಡ್ತಾ ಇವೆ!”

ಹಣ್ಣಾದ ಹುಳವನ್ನು ಆಗಿಂದಾಗ್ಗೆ ಆರಿಸಿ ಚಂದ್ರಿಕೆಯೆಂಬ ಬಿದಿರು ತಟ್ಟೆಗೆ ಬಿಡದಿದ್ದರೆ ಗೂಡು ಕಸದಲ್ಲಿ ಕಟ್ಟಿ ಹಾಳು. ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಆ ಊರಲ್ಲಿ ಹುಳ ಎತ್ತಲು ಕರೆಯುವ ಪದ್ಧತಿಯೇ ಇಲ್ಲ. ಕಿವಿಗೆ ಬಿದ್ದರೆ ಹೋಗಬೇಕು, ಜಗಳವಿರಲಿ ಮಾತು ಬಿಟ್ಟಿರಲಿ.

ಆರೋಗ್ಯಮ್ಮನ ಕಿವಿಗೆ ಬಿತ್ತು. ಆದರೂ ಕೂತಲ್ಲಿಂದ ಏಳಲಿಲ್ಲ. ಅನುಭವಿಸಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಒಂದು ಗಳಿಗೆ ಸಮಾಧಾನವೂ ಆಯಿತು. ಗೋಡೆಯ ಮೇಲೆ ಚೌರಪ್ಪನ ಫೋಟೋ ಇತ್ತು. ಹೋದ ವರ್ಷ ರಜೆಗೆ ಬಂದಾಗ ಇದೇ ವೆಂಕಟರಾಯಪ್ಪನ ಹುಳದ ಮನೆಯಲ್ಲಿ ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಂದ್ರಿಕೆ ಹಿಡಿದು, ಹಲ್ಲು ಕಿರಿದು ನಿಂತಿದ್ದ ಫೋಟೋ. ಕೊನೆಯ ಸಲ ಫೋನಿನಲ್ಲಿ ಅವನು ಆಡಿದ ಮಾತು ಆಗ ನೆನಪಾಯಿತು. ಡೈರಿಯಲ್ಲಿ ಸಿಗದ ಉತ್ತರವೂ ಸಿಕ್ಕಿತು. ಸೆರಗು ಸಿಕ್ಕಿಸಿಕೊಂಡು ಓಣಿ ದಾಟಿದಳು.

ಹೊಸ್ತಿಲ ಹೊರಗೇ ನಿಂತಳು. ಒಳಗೆ ಗಂಡ ಹೆಂಡತಿ ಗಾಬರಿಯಲ್ಲಿ ಹುಳ ಆರಿಸುತ್ತಿದ್ದರು.

“ಸೂತಕ ಅಂತಿದ್ರಲ್ಲಣ್ಣ. ಒಳಗೆ ಬರ್ಲಾ, ಬೇಡ್ವಾ?”

ವೆಂಕಟರಾಯಪ್ಪ ಅವಳ ಮುಖ ನೋಡಿದ, ಹುಳಗಳನ್ನು ನೋಡಿದ. “ಬಾಮ್ಮ” ಎಂದ.

“ಮೊದ್ಲು ಆ ಗೋಣಿ ಕಿತ್ತಾಕು. ಹುಳ ಬೆಂದೋಗ್ತಾವೆ.”

ಅವನು ಒಂದೊಂದಾಗಿ ಕಿತ್ತ. ಗಾಳಿ ಒಳಗೆ ನುಗ್ಗಿತು. ಮೂವರೂ ಬಗ್ಗಿದ ಬೆನ್ನು ಎತ್ತದೆ ಆರಿಸಿದರು. ಅರ್ಧ ಕೆಲಸ ಮುಗಿದ ಮೇಲೆ ಮಂಗಮ್ಮ ತಡೆಯಲಾರದೆ ಕೇಳಿದಳು. “ನಮ್ಮ ಮೇಲೆ ನಿಂಗೆ ಕೋಪ ಇಲ್ವೇನಮ್ಮ?”

“ಯಾಕಿಲ್ಲ ಅಕ್ಕ, ಬೇಕಾದಷ್ಟಿದೆ. ಕೋಪ ಇರೋರು ಹುಳ ಎತ್ತಬಾರ್ದು ಅಂತ ಯಾರು ಹೇಳಿದ್ರು?”

ಮಂಗಮ್ಮನಿಗೆ ನಗು, ಅಳು ಒಟ್ಟಿಗೇ ಬಂತು. ಆರೋಗ್ಯಮ್ಮ ಕೈ ನಿಲ್ಲಿಸದೆ ವೆಂಕಟರಾಯಪ್ಪನ ಕಡೆ ತಿರುಗಿದಳು.

“ಆ ಕಡೆಯೋನಿಗೆ ಯಾಕೆ ನೀರು ಕೊಡೋಕೆ ಹೋದ ಅಂತ ಕೇಳಿದ್ಯಲ್ಲಣ್ಣ, ಹೇಳ್ತೀನಿ ಕೇಳು. ಅಲ್ಲಿಗೆಲ್ಲ ಹೋಗ್ಬೇಡ ಕಣೋ, ಸುಟ್ಟಾಕಿಬಿಡ್ತಾರೆ ಅಂತ ನಾನು ಫೋನಲ್ಲಿ ಬೈದಿದ್ದೆ. ಅದಕ್ಕವನು, ‘ಅಕ್ಕಾ, ನಮ್ಮೂರಲ್ಲಿ ಹುಳ ಹಣ್ಣಾದಾಗ ಯಾರ ಮನೆ ಅಂತ ಕೇಳ್ಕೊಂಡು ಹೋಗ್ತಿದ್ವಾ? ಕೂಗು ಕೇಳಿದ್ರೆ ಓಡ್ತಿದ್ವಿ. ಇಲ್ಲೂ ಅಷ್ಟೇ ಕಣಕ್ಕ’ ಅಂದ. ಅವನಿಗೆ ಅದನ್ನ ಯಾವ ಶತ್ರುನೂ ಹೇಳಿಕೊಡ್ಲಿಲ್ಲ. ಚಿಕ್ಕ ಹುಡುಗನಾಗಿದ್ದಾಗ ಕೈ ಹಿಡಿದು ಈ ಮನೆಗೆ ಕರ್ಕೊಂಡು ಬಂದು, ಹುಳ ಎತ್ತೋದು ಕಲಿಸಿದ್ದು ಯಾರು? ನೀನೇ ಅಲ್ವಾ?”

ವೆಂಕಟರಾಯಪ್ಪ ಹೆಗಲ ಟವೆಲಿನಿಂದ ಬೆವರು ಒರೆಸಿಕೊಂಡವನು ಕಣ್ಣನ್ನೂ ಒರೆಸಿಕೊಂಡ. ಮದುವೆಯವರ ಬಸ್ಸು ಬರುವ ಹೊತ್ತಿಗೆ ಹುಳಗಳೆಲ್ಲ ಚಂದ್ರಿಕೆ ಸೇರಿದ್ದವು.

ಮರುದಿನ ಡೈರಿಯಲ್ಲಿ ಮತ್ತೆ ಅವನ ಮೊಬೈಲು ಕೂಗಿತು. ಈ ಸಲ ದನಿ ಅವನದೇ. “ಫಾದರ್ ಚೌರಪ್ಪ ಗೂಢಚಾರ ಅಲ್ಲ. ತಿಳೀದೆ ಕಳಿಸ್ಬಿಟ್ಟೆ, ತಪ್ಪಾಯ್ತು. ನಮ್ಮೂರು ಕಲಿಸಿದ್ದನ್ನ ಮಾಡೋಕೋಗಿ ಪ್ರಾಣ ಬಿಟ್ಟ. ಅವನು ನಮ್ಮ ಹುಡುಗ.” ಗ್ರೂಪಿನಲ್ಲಿ ಎಲ್ಲರೂ ಕೇಳಿಯಾಗಿತ್ತು. ಆದರೂ ಅವನು ಸದ್ದು ಏರಿಸಿ ಮತ್ತೊಮ್ಮೆ ಹಾಕಿದ. ಆರೋಗ್ಯಮ್ಮ ತಲೆಯೆತ್ತಿ ನಡೆದು ಬಂದು ಹಾಲು ಹಾಕಿದಳು.

ಗೂಡು ಚೆನ್ನಾಗಿ ಬಂತು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸಾಗಿಸುವ ಮುಂಚೆ ವೆಂಕಟರಾಯಪ್ಪ ಒಳ್ಳೊಳ್ಳೆಯ ಗೂಡು ಆರಿಸಿಟ್ಟು, ಮಂಗಮ್ಮನ ಕೈಯಲ್ಲಿ ಹಾರ ಕಟ್ಟಿಸಿದ. ಅದನ್ನು ಹಿಡಿದು ಓಣಿ ದಾಟಿ ಬಂದ.

“ಆರೋಗ್ಯಮ್ಮ, ಚಂದ್ರಿಕೆ ಹಿಡಿದು ನಿಂತಿರೋ ಆ ಫೋಟೋ ಕೊಡಮ್ಮ. ಹುಳದ ಮನೇಲಿ ಹಾಕ್ತೀನಿ.”

ಅವಳು ಬೆರಗಾಗಿ ನೋಡಿದಳು. “ಏನಣ್ಣ ನೀನು? ಸತ್ತೋರ ಫೋಟೋ ಯಾರಾದ್ರೂ ಹುಳದ ಮನೇಲಿ ಹಾಕ್ತಾರಾ?”

“ಸತ್ತೋರದ್ದು ಹಾಕಲ್ಲಮ್ಮ. ಹುಳ ಎತ್ತೋಕೆ ಬರೋರದ್ದು ಹಾಕ್ಬಹುದು” ಎಂದ ವೆಂಕಟರಾಯಪ್ಪ.

ಆರೋಗ್ಯಮ್ಮ ಒಳಗೆ ಹೋಗಿ, ಫೋಟೋ ಇಳಿಸಿ, ಸೆರಗಿನಿಂದ ಒರೆಸಿ ತಂದಳು.